ಹಾಂಗ್–ಓ–ಮ್ಯಾಂಡೆಲ್ ಗುಳಿ ಸಿಗುತ್ತಿಲ್ಲವೇ? ಎಲ್ಲಿಂದ ಹುಡುಕಬೇಕು ಅಂತ ಹೇಳ್ತೀನಿ

ಬೆಳಕಿನ ದಾರಿಯ ಉದ್ದ ಬದಲಿಸುವ ಸ್ಟೇಜನ್ನು ಒಂದು ಮಿಲಿಮೀಟರ್ ಪೂರ್ತಿ ಓಡಿಸಿದ್ದೀರಿ. ಪರದೆ ಮೇಲೆ ಜೋಡಿ ಎಣಿಕೆಯ (ಎರಡು ಡಿಟೆಕ್ಟರ್ ಒಟ್ಟಿಗೆ ಮಿಡಿದ ಲೆಕ್ಕದ) ಗೆರೆ ಆ ತುದಿಯಿಂದ ಈ ತುದಿವರೆಗೆ ನೆಟ್ಟಗೆ ಮಲಗಿದೆ. ಮಧ್ಯದಲ್ಲಿ ಬೀಳಬೇಕಿದ್ದ ಗುಳಿಯ ಸುಳಿವೇ ಇಲ್ಲ. ಫೋಟಾನ್ ಜೋಡಿಗಳ ಪ್ರಯೋಗ ಶುರು ಮಾಡಿದ ಎಲ್ಲರೂ ಈ ಗೆರೆಯನ್ನು ಒಮ್ಮೆಯಾದರೂ ನೋಡಿರುತ್ತಾರೆ. ನಾನು ಮೂರು ವಾರ ನೋಡಿದ್ದೇನೆ. ಆಗ ಯಾರಾದರೂ ಕನ್ನಡದಲ್ಲಿ ಪಕ್ಕ ಕೂತು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಅನಿಸಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಲೆಕ್ಕದ ಸೆಟಪ್ ಇದು. 405 ನ್ಯಾನೋಮೀಟರ್‌ನ ಡಯೋಡ್ ಲೇಸರ್, ಒಂದು ಬಿಬಿಒ (ಬೇರಿಯಂ ಬೋರೇಟ್) ಹರಳು, ಅದರಿಂದ ಹೊರಬರುವ 810 ನ್ಯಾನೋಮೀಟರ್‌ನ ಫೋಟಾನ್ ಜೋಡಿ. ಎರಡೂ ದಾರಿಯಲ್ಲಿ ಒಂದೊಂದು ಫಿಲ್ಟರ್, ಆಮೇಲೆ ಸಿಂಗಲ್ ಮೋಡ್ ಫೈಬರ್. ಎರಡು ಫೈಬರ್‌ಗಳೂ ಒಂದು 50:50 ಬೀಮ್ ಸ್ಪ್ಲಿಟರ್‌ಗೆ ಸೇರುತ್ತವೆ. ಸ್ಪ್ಲಿಟರ್‌ನ ಎರಡು ಬಾಯಿಗೆ ಎರಡು ಸಿಲಿಕಾನ್ ಸಿಂಗಲ್ ಫೋಟಾನ್ ಡಿಟೆಕ್ಟರ್. ಒಂದು ದಾರಿಯ ಉದ್ದವನ್ನು ಸ್ಟೇಜ್ ಬದಲಿಸುತ್ತದೆ. ನಿಮ್ಮ ಹರಳು ಬೇರೆ ಇದ್ದರೂ ಹುಡುಕುವ ಕ್ರಮ ಇದೇ.

ಏನು ಕಾಣಬೇಕು ಅಂತ ಮೊದಲು ಸ್ಪಷ್ಟ ಮಾಡಿಕೊಳ್ಳೋಣ. ಎರಡು ಫೋಟಾನ್ ಸ್ಪ್ಲಿಟರ್‌ಗೆ ಬಂದರೆ ನಾಲ್ಕು ಸಾಧ್ಯತೆ: ಎರಡೂ ದಾಟುವುದು, ಎರಡೂ ತಿರುಗುವುದು, ಒಂದು ದಾಟಿ ಇನ್ನೊಂದು ತಿರುಗುವುದು, ಅಥವಾ ಅದರ ಉಲ್ಟಾ. ಮೊದಲ ಎರಡರಲ್ಲಿ ಮಾತ್ರ ಎರಡು ಡಿಟೆಕ್ಟರೂ ಒಟ್ಟಿಗೆ ಮಿಡಿಯುತ್ತವೆ. ಫೋಟಾನ್‌ಗಳ ನಡುವೆ ಯಾವ ವ್ಯತ್ಯಾಸವೂ ಇಲ್ಲದಿದ್ದರೆ ಆ ಎರಡು ಸಾಧ್ಯತೆಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಎರಡು ಫೋಟಾನೂ ಯಾವಾಗಲೂ ಒಂದೇ ಬಾಯಿಂದ ಹೊರಬರುತ್ತವೆ. ಜೋಡಿ ಎಣಿಕೆ ಸೊನ್ನೆಯ ಕಡೆ ಇಳಿಯುತ್ತದೆ. ಇದನ್ನು 1987ರಲ್ಲಿ ಹಾಂಗ್, ಓ ಮತ್ತು ಮ್ಯಾಂಡೆಲ್ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ತೋರಿಸಿದರು. ಅವರ ಪ್ರಬಂಧದ ಶೀರ್ಷಿಕೆಯಲ್ಲಿ ಇರುವುದೇ ಸಮಯ ಅಳೆಯುವ ಮಾತು. ಸುಮಾರು 100 ಫೆಮ್ಟೋಸೆಕೆಂಡ್ ಅಗಲದ ಗುಳಿ ಸಿಕ್ಕಿತ್ತು, ಅದೂ ಆ ವೇಗವನ್ನು ಮುಟ್ಟಲೂ ಆಗದ ಡಿಟೆಕ್ಟರ್‌ಗಳಿಂದ! ನನಗೆ ಈ ಪ್ರಯೋಗದ ಮೇಲೆ ಇಷ್ಟೊಂದು ಪ್ರೀತಿ ಹುಟ್ಟಿದ್ದು ಅಲ್ಲಿಂದಲೇ. 2018ರಲ್ಲಿ ಸ್ಕಾಟ್ಲೆಂಡಿನ ತಂಡವೊಂದು ಇದೇ ಗುಳಿಯ ಇಳಿಜಾರನ್ನು ಬಳಸಿ ನ್ಯಾನೋಮೀಟರ್ ಮಟ್ಟದ ದಾರಿ ವ್ಯತ್ಯಾಸ ಅಳೆಯಿತು.

ಗುಳಿಗೆ ಮೂರು ಗುಣ: ಎಲ್ಲಿದೆ, ಎಷ್ಟು ಅಗಲ, ಎಷ್ಟು ಆಳ. ಜಾಗ ದಾರಿಯ ಉದ್ದವನ್ನು ಹೇಳುತ್ತದೆ. ಅಗಲ ಫಿಲ್ಟರನ್ನು ಹೇಳುತ್ತದೆ. ಆಳ ಎರಡು ಫೋಟಾನ್ ಎಷ್ಟು ಒಂದೇ ಥರ ಇವೆ ಅಂತ ಹೇಳುತ್ತದೆ. ಈ ಮೂರನ್ನು ಬೇರೆಬೇರೆಯಾಗಿ ಓದಿದರೆ ದೋಷ ತಾನಾಗಿ ಸಿಗುತ್ತದೆ. ಎಲ್ಲ ತಿರುಪುಗಳನ್ನೂ ಒಟ್ಟಿಗೆ ತಿರುಗಿಸಲು ಹೋದರೆ ಸಿಗುವುದಿಲ್ಲ.

ಜೋಡಿ ಎಣಿಕೆಯೇ ಬರುತ್ತಿಲ್ಲ

ಬಿಡಿ ಎಣಿಕೆ (ಒಂದೊಂದು ಡಿಟೆಕ್ಟರ್ ತಾನಾಗಿ ಎಣಿಸಿದ್ದು) ಚೆನ್ನಾಗಿದೆ, ಎರಡೂ ಡಿಟೆಕ್ಟರ್ ಸೆಕೆಂಡಿಗೆ ಹತ್ತಾರು ಸಾವಿರ ತೋರಿಸುತ್ತಿವೆ, ಆದರೆ ಜೋಡಿ ಸೊನ್ನೆಯ ಹತ್ತಿರ ಇದೆ ಅಂದುಕೊಳ್ಳಿ. ಆಗ ಮೇಜಿನ ಮೇಲಿನ ಕನ್ನಡಿಗಳನ್ನು ಮುಟ್ಟಬೇಡಿ. ಮೇಜಿನ ಕೆಳಗೆ ಬಗ್ಗಿ ಕೇಬಲ್ ನೋಡಿ.

ಸಿಗ್ನಲ್ ಕೇಬಲ್‌ನಲ್ಲಿ 1 ನ್ಯಾನೋಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಓಡುತ್ತದೆ. ಒಂದು ಡಿಟೆಕ್ಟರ್‌ಗೆ 1 ಮೀಟರ್ ಕೇಬಲ್, ಇನ್ನೊಂದಕ್ಕೆ 2 ಮೀಟರ್ ಹಾಕಿದ್ದರೆ 5 ನ್ಯಾನೋಸೆಕೆಂಡ್ ವ್ಯತ್ಯಾಸ ಬಂತು. ನಿಮ್ಮ ಕೌಂಟರ್ ಒಂದು ಮಿಡಿತದ ಆಚೀಚೆ 3 ನ್ಯಾನೋಸೆಕೆಂಡ್ ಒಳಗೆ ಬಂದದ್ದನ್ನು ಮಾತ್ರ ಜೋಡಿ ಅಂತ ಒಪ್ಪಿದರೆ ಅಷ್ಟೂ ನಿಜವಾದ ಜೋಡಿಗಳು ಹೊರಗೇ ಉಳಿಯುತ್ತವೆ. ಟೈಮ್ ಟ್ಯಾಗರ್ (ಪ್ರತಿ ಮಿಡಿತದ ಸಮಯ ಬರೆದಿಡುವ ಸಾಧನ) ಇದ್ದರೆ ಎರಡು ಚಾನೆಲ್‌ಗಳ ಸಮಯ ವ್ಯತ್ಯಾಸದ ಹಿಸ್ಟೋಗ್ರಾಂ ತೆಗೆಯಿರಿ. ಎಲ್ಲೋ ಒಂದು ಕಡೆ ಚೂಪಾದ ಶಿಖರ ಕಾಣುತ್ತದೆ. ಚಾನೆಲ್ ಡಿಲೇ ಅಲ್ಲಿಗೆ ಹೊಂದಿಸಿ, ಮುಗಿಯಿತು. ಶಿಖರ ಎಲ್ಲೂ ಇಲ್ಲದಿದ್ದರೆ ಆಗ ಮಾತ್ರ ಮೇಲೆ ಬನ್ನಿ: ಎರಡು ಫೈಬರ್‌ಗಳು ಹರಳಿನ ಕೋನ್‌ನ (ಜೋಡಿಗಳು ಶಂಕುವಿನ ಆಕಾರದಲ್ಲಿ ಹೊರಬರುತ್ತವೆ) ಎದುರುಬದುರು ಬಿಂದುಗಳಿಂದ ಬೆಳಕು ಹೀರುತ್ತಿಲ್ಲ.

ಎಣಿಕೆ ಜಾಸ್ತಿ ಇದೆ, ಆದರೆ ಫೋಟಾನ್ ಜೋಡಿಯದ್ದಲ್ಲ

ಬಿಡಿ ಎಣಿಕೆ ಜಾಸ್ತಿ ಇದ್ದರೆ ಖುಷಿಯಾಗುತ್ತದೆ. ಆದರೆ ಅದರಲ್ಲಿ ಎಷ್ಟು ಪಾಲು ನಿಜವಾದ ಜೋಡಿಯಿಂದ ಬಂದದ್ದು? ಇದಕ್ಕೆ ಮೂರು ಪರೀಕ್ಷೆ ಸಾಕು.

ಮೊದಲನೆಯದು, ಪಂಪ್ (ಹರಳಿಗೆ ಬೀಳುವ 405ರ) ಲೇಸರ್‌ಗೆ ಕಪ್ಪು ಕಾರ್ಡ್ ಅಡ್ಡ ಹಿಡಿಯಿರಿ. ಉಳಿದ ಎಣಿಕೆ ಡಿಟೆಕ್ಟರ್‌ನ ಸ್ವಂತ ಡಾರ್ಕ್ ಕೌಂಟ್ (ಬೆಳಕಿಲ್ಲದೆಯೂ ಬರುವ ಎಣಿಕೆ) ಮತ್ತು ಕೋಣೆಯ ಬೆಳಕು. ಇಲ್ಲಿ ಫೈಬರ್ ಕನೆಕ್ಟರ್‌ಗಳನ್ನು ಜನ ಮರೆಯುತ್ತಾರೆ. ಫಿಲ್ಟರ್ ಇರುವುದು ಫೈಬರ್‌ಗಿಂತ ಮೊದಲು, ಅಲ್ವಾ? ಫಿಲ್ಟರ್ ದಾಟಿದ ಮೇಲೆ ಕನೆಕ್ಟರ್ ಸಂದಿಯಿಂದ, ತೆಳು ಹಳದಿ ಹೊದಿಕೆಯಿಂದ ನುಸುಳುವ ಬೆಳಕನ್ನು ತಡೆಯುವವರು ಯಾರೂ ಇಲ್ಲ. ಬರಿಗೈಯನ್ನು ಕನೆಕ್ಟರ್ ಮೇಲೆ ಕೊಡೆಯ ಹಾಗೆ ಹಿಡಿದು ನೋಡಿ. ಎಣಿಕೆ ತಟ್ಟನೆ ಇಳಿದರೆ ಅಲ್ಲೇ ಸೋರುತ್ತಿದೆ. ಕಪ್ಪು ಟೇಪ್ ಸುತ್ತಿ, ಮೇಲೆ ದಪ್ಪ ಕಪ್ಪು ಬಟ್ಟೆ ಹೊದಿಸಿ. ಆದರೆ ಡಿಟೆಕ್ಟರ್ ಆನ್ ಇದ್ದಾಗ ಬಟ್ಟೆ ಸರಿಸಿ ಕೋಣೆಯ ದೀಪ ಹಾಕಬೇಡಿ, ದಯವಿಟ್ಟು. ಅವು ದುಬಾರಿ, ಜೊತೆಗೆ ಜಾಸ್ತಿ ಬೆಳಕಿಗೆ ಹಾಳಾಗುತ್ತವೆ.

ಎರಡನೆಯದು ನನಗೆ ತುಂಬಾ ಇಷ್ಟವಾದ ಪರೀಕ್ಷೆ. ಹರಳಿನ ಮುಂದೆ ಹಾಫ್ ವೇವ್ ಪ್ಲೇಟ್ ಇಟ್ಟು ಪಂಪ್‌ನ ಪೋಲರೈಸೇಶನನ್ನು (ಬೆಳಕಿನ ಅಲೆ ಕಂಪಿಸುವ ದಿಕ್ಕನ್ನು) 90 ಡಿಗ್ರಿ ತಿರುಗಿಸಿ. ಟೈಪ್ ಒಂದು ಬಿಬಿಒ (ಎರಡೂ ಫೋಟಾನ್ ಒಂದೇ ಪೋಲರೈಸೇಶನ್ನಿನಲ್ಲಿ ಹುಟ್ಟುವ ಬಗೆ) ಆದರೆ ಜೋಡಿ ಹುಟ್ಟುವುದೇ ನಿಲ್ಲುತ್ತದೆ. ಲೇಸರ್ ಬೆಳಕು ಮಾತ್ರ ಅಷ್ಟೇ ಹರಳಿನ ಮೇಲೆ ಬೀಳುತ್ತಿರುತ್ತದೆ. ಈಗಲೂ ಉಳಿದ ಎಣಿಕೆ ಹರಳು, ಕನ್ನಡಿ, ಫಿಲ್ಟರ್‌ಗಳ ಫ್ಲೋರೆಸೆನ್ಸ್ (ಪಂಪ್ ಬೆಳಕು ಬಿದ್ದು ಅವೇ ಸೂಸುವ ಬೆಳಕು) ಅಥವಾ ಸೋರಿದ ಪಂಪ್. ಅದು ಒಟ್ಟು ಎಣಿಕೆಯ ದೊಡ್ಡ ಪಾಲಾಗಿದ್ದರೆ ಇನ್ನೊಂದು ಲಾಂಗ್ ಪಾಸ್ ಫಿಲ್ಟರ್ (ಉದ್ದ ತರಂಗಾಂತರವನ್ನು ಮಾತ್ರ ಬಿಡುವಂಥದ್ದು) ಬೇಕು.

ಮೂರನೆಯದು ಲೆಕ್ಕ. ಸಂಬಂಧವಿಲ್ಲದ ಎರಡು ಫೋಟಾನ್ ಸುಮ್ನೆ ಒಂದೇ ಹೊತ್ತಿಗೆ ಬಂದು ಜೋಡಿಯ ಹಾಗೆ ಕಾಣಬಹುದು. ಇಂಥ ಆಕಸ್ಮಿಕ ಜೋಡಿಗಳ ಸಂಖ್ಯೆ ಎರಡು ಬಿಡಿ ಎಣಿಕೆಗಳನ್ನು ಗುಣಿಸಿ, ಅದನ್ನು ಜೋಡಿ ಕಿಟಕಿಯ ಒಟ್ಟು ಅಗಲದಿಂದ ಗುಣಿಸಿದಷ್ಟು. ಎರಡೂ ಕಡೆ 80,000, ಕಿಟಕಿ 5 ನ್ಯಾನೋಸೆಕೆಂಡ್ ಇದ್ದರೆ ಸೆಕೆಂಡಿಗೆ 32. ನಿಮಗೆ ಒಟ್ಟು 160 ಜೋಡಿ ಸಿಗುತ್ತಿದ್ದರೆ ಉಳಿದೆಲ್ಲ ಸರಿಯಿದ್ದರೂ ಗುಳಿ 80 ಶೇಕಡಕ್ಕಿಂತ ಆಳ ಹೋಗಲಾರದು. ತಳದಲ್ಲಿ ಆ 32 ಕೂತೇ ಇರುತ್ತದೆ. ಕಿಟಕಿಯನ್ನು 2 ನ್ಯಾನೋಸೆಕೆಂಡಿಗೆ ಇಳಿಸಿದರೆ ಆಕಸ್ಮಿಕ 13ರ ಹತ್ತಿರ ಬರುತ್ತದೆ, ಮಿತಿ 91 ಶೇಕಡಕ್ಕೆ ಏರುತ್ತದೆ. ಪಂಪನ್ನು ಅರ್ಧ ಮಾಡಿಯೂ ನೋಡಿ: ನಿಜವಾದ ಜೋಡಿ ಅರ್ಧವಾಗುತ್ತದೆ, ಆಕಸ್ಮಿಕ ಕಾಲು ಭಾಗಕ್ಕೆ ಇಳಿಯುತ್ತದೆ. ಆಕಸ್ಮಿಕವನ್ನು ಕಳೆದು ಬರುವ ಅಂಕಿಯನ್ನು ಮಾತ್ರ ಬರೆಯುವ ರೂಢಿ ಕೆಲವರಿಗಿದೆ. ಕಳೆಯುವ ಮೊದಲಿನ ಅಂಕಿಯನ್ನೂ ಪಕ್ಕದಲ್ಲಿ ಬರೆಯಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಜೋಡಿ ಚೆನ್ನಾಗಿದೆ, ಗೆರೆ ಮಾತ್ರ ಚಪ್ಪಟೆ

ಇಲ್ಲಿ ಹತ್ತಕ್ಕೆ ಒಂಬತ್ತು ಸಲ ದೋಷ ಒಂದೇ. ನೀವು ಹುಡುಕುತ್ತಿರುವ ಜಾಗದಲ್ಲಿ ಗುಳಿ ಇಲ್ಲ, ಅಥವಾ ಇದ್ದರೂ ನೀವು ಅದರ ಮೇಲೆ ಹಾರಿ ಹೋಗಿದ್ದೀರಿ.

ಅಗಲದ ಲೆಕ್ಕ ಕೈಯಲ್ಲಿರಲಿ. ತರಂಗಾಂತರದ ವರ್ಗವನ್ನು ಫಿಲ್ಟರ್ ಅಗಲದಿಂದ ಭಾಗಿಸಿ. 810 ನ್ಯಾನೋಮೀಟರ್, 10 ನ್ಯಾನೋಮೀಟರ್ ಫಿಲ್ಟರ್ ಆದರೆ ಸುಮಾರು 66 ಮೈಕ್ರೋಮೀಟರ್ ಬರುತ್ತದೆ. ಎರಡೂ ಕಡೆ ಒಂದೇ ಥರದ ಫಿಲ್ಟರ್ ಇದ್ದರೆ ಗುಳಿಯ ಅರ್ಧ ಆಳದಲ್ಲಿನ ಅಗಲ ಇದರ ಸುಮಾರು 0.6 ಪಾಲು, ಅಂದರೆ ಬರೀ 40 ಮೈಕ್ರೋಮೀಟರ್. ತಲೆಗೂದಲಿಗಿಂತ ತೆಳು. ನೀವು 100 ಮೈಕ್ರೋಮೀಟರ್ ಹೆಜ್ಜೆ ಇಟ್ಟರೆ ಗುಳಿ ಎರಡು ಹೆಜ್ಜೆಗಳ ನಡುವೆ ಕಳೆದುಹೋಗುತ್ತದೆ. ಬೆಳಕು ಸ್ಟೇಜ್ ಮೇಲಿನ ಕನ್ನಡಿಗೆ ಹೋಗಿ ವಾಪಸ್ ಬರುವ ಜೋಡಣೆಯಾದರೆ ದಾರಿ ಎರಡರಷ್ಟು ಬದಲಾಗುತ್ತದೆ. ಆಗ ಸ್ಟೇಜ್ ಲೆಕ್ಕದಲ್ಲಿ ಗುಳಿ 20 ಮೈಕ್ರೋಮೀಟರ್ ಮಾತ್ರ.

ಆದ್ದರಿಂದ ಹುಡುಕುವಾಗ ಗುಳಿಯನ್ನು ಅಗಲ ಮಾಡಿಕೊಳ್ಳಿ. 3 ನ್ಯಾನೋಮೀಟರ್ ಫಿಲ್ಟರ್ ಹಾಕಿದರೆ ಗುಳಿ ಸುಮಾರು 130 ಮೈಕ್ರೋಮೀಟರ್, 1 ನ್ಯಾನೋಮೀಟರ್ ಹಾಕಿದರೆ 400ರ ಹತ್ತಿರ. ಎಣಿಕೆ ಕಡಿಮೆಯಾಗುತ್ತದೆ, ಹೌದು. ಆದರೆ 100 ಮೈಕ್ರೋಮೀಟರ್ ಹೆಜ್ಜೆಯಲ್ಲಿ ಮಿಲಿಮೀಟರ್‌ಗಟ್ಟಲೆ ಬೇಗ ಗುಡಿಸಬಹುದು. ಜಾಗ ಸಿಕ್ಕ ಮೇಲೆ ಹಳೇ ಫಿಲ್ಟರ್ ವಾಪಸ್ ಹಾಕಿ. ಮೂರು ವಾರದ ನನ್ನ ಹುಡುಕಾಟ ಈ ಉಪಾಯದಿಂದ ಒಂದು ಮಧ್ಯಾಹ್ನದಲ್ಲಿ ಮುಗಿಯಿತು.

ಅದಕ್ಕೂ ಮೊದಲು ದಾರಿಗಳನ್ನು ಒರಟಾಗಿ ಸಮ ಮಾಡಿರಬೇಕು. 1 ಮೀಟರ್ ಅಂತ ಚೀಟಿ ಅಂಟಿಸಿದ ಎರಡು ಫೈಬರ್‌ಗಳ ಉದ್ದ ಕೆಲವು ಸೆಂಟಿಮೀಟರ್ ಆಚೀಚೆ ಇರಬಹುದು. ಗಾಜಿನಲ್ಲಿ 1 ಮಿಲಿಮೀಟರ್ ಅಂದರೆ ಗಾಳಿಯಲ್ಲಿ ಸುಮಾರು ಒಂದೂವರೆ ಮಿಲಿಮೀಟರ್. ಇದನ್ನು ಅಳೆಯಲು ಫೋಟಾನ್ ಜೋಡಿಯನ್ನೇ ಬಳಸಿ. ಸ್ಪ್ಲಿಟರ್‌ಗೆ ಹೋಗುವ ಎರಡು ಫೈಬರ್‌ಗಳನ್ನು ಬಿಚ್ಚಿ ನೇರವಾಗಿ ಡಿಟೆಕ್ಟರ್‌ಗಳಿಗೆ ಹಾಕಿ, ಹಿಸ್ಟೋಗ್ರಾಂ ಶಿಖರ ಎಲ್ಲಿದೆ ಬರೆದುಕೊಳ್ಳಿ. ಈಗ ಫೈಬರ್‌ಗಳನ್ನು ಅದಲುಬದಲು ಮಾಡಿ ಮತ್ತೆ ನೋಡಿ. ಶಿಖರ 100 ಪಿಕೋಸೆಕೆಂಡ್ ಸರಿದರೆ ದಾರಿಗಳ ವ್ಯತ್ಯಾಸ ಅದರ ಅರ್ಧ, 50 ಪಿಕೋಸೆಕೆಂಡ್. ಗಾಳಿಯಲ್ಲಿ 15 ಮಿಲಿಮೀಟರ್. ಕೇಬಲ್, ಡಿಟೆಕ್ಟರ್‌ಗಳ ತಡ ಈ ಅದಲುಬದಲಿನಲ್ಲಿ ತಾನಾಗಿ ಕಳೆದುಹೋಗುತ್ತದೆ. ಸ್ಪ್ಲಿಟರ್‌ನ ಸ್ವಂತ ಎರಡು ಬಾಲಗಳ (ಅದಕ್ಕೇ ಅಂಟಿಕೊಂಡ ಫೈಬರ್ ತುಂಡುಗಳ) ಉದ್ದ ಇದರಲ್ಲಿ ಸೇರಿಲ್ಲ. ಅವನ್ನು ಟೇಪ್ ಹಿಡಿದು ಅಳೆದು ಸೇರಿಸಿ.

ಇನ್ನೊಂದು ಕಾರಣ, ಕಾಯುವ ಹೊತ್ತು ಸಾಲದಿರುವುದು. ಒಂದು ಬಿಂದುವಿಗೆ 1 ಸೆಕೆಂಡ್ ಎಣಿಸಿ 40 ಜೋಡಿ ಸಿಕ್ಕರೆ ಅದರ ಸಹಜ ಏರಿಳಿತವೇ 6ಕ್ಕಿಂತ ಜಾಸ್ತಿ. 20 ಶೇಕಡ ಆಳದ ಗುಳಿ ಅಂದರೆ 8 ಎಣಿಕೆ ಕಡಿಮೆಯಾಗುವುದು. ಅದು ಗದ್ದಲದಲ್ಲಿ ಮುಳುಗಿಹೋಗುತ್ತದೆ. 10 ಸೆಕೆಂಡ್ ಎಣಿಸಿದರೆ 400, ಏರಿಳಿತ 20, ಗುಳಿ 80. ಈಗ ಕಣ್ಣಿಗೆ ಕಾಣುತ್ತದೆ. ಸ್ಕ್ರೂ ಕೈಯಿಂದ ತಿರುಗಿಸುವವರಾದರೆ ಯಾವಾಗಲೂ ಒಂದೇ ದಿಕ್ಕಿನಲ್ಲಿ ಬನ್ನಿ. ಹಿಂದೆ ಹೋಗಿ ಬಂದರೆ ಸ್ಕ್ರೂ ಸಡಿಲಿನಿಂದ ಜಾಗ ತಪ್ಪುತ್ತದೆ.

ಗುಳಿ ಸಿಕ್ಕಿದೆ, ಆದರೆ ಅದು ಗುಳಿಯೇ?

ಒಂದು ಸಂಜೆ ನಮ್ಮ ಲ್ಯಾಬಿನಲ್ಲಿ ಸೊಗಸಾದ ಗುಳಿ ಬಂತು. 30 ಶೇಕಡ ಆಳ. ಎಲ್ಲರನ್ನೂ ಕರೆದು ತೋರಿಸಿದೆವು. ಕಾಫಿ ಕುಡಿದು ವಾಪಸ್ ಬಂದು ಬಿಡಿ ಎಣಿಕೆಯ ಫೈಲ್ ತೆರೆದೆ. ಅದರಲ್ಲೂ ಅದೇ ಜಾಗದಲ್ಲಿ ಗುಳಿ! ಹಾಗಿರುವಂತಿಲ್ಲ. ನಿಜವಾದ ಗುಳಿಯಲ್ಲಿ ಜೋಡಿ ಎಣಿಕೆ ಮಾತ್ರ ಇಳಿಯಬೇಕು. ಬಿಡಿ ಎಣಿಕೆ ಎರಡೂ ಕಡೆ ನೆಟ್ಟಗಿರಬೇಕು. ಅಗಲ ನೋಡಿದರೆ 600 ಮೈಕ್ರೋಮೀಟರ್, ಫಿಲ್ಟರ್ ಇದ್ದದ್ದು 10 ನ್ಯಾನೋಮೀಟರ್. ಲೆಕ್ಕ ಎಲ್ಲೂ ಕೂಡುವುದಿಲ್ಲ. ಕೊನೆಗೆ ಗೊತ್ತಾಯಿತು, ಸ್ಟೇಜ್ ನಡುದಾರಿಯಲ್ಲಿ ಕೂದಲೆಳೆಯಷ್ಟು ವಾಲುತ್ತಿತ್ತು. ಫೈಬರ್‌ನ ಬಾಯಿ 5 ಮೈಕ್ರೋಮೀಟರ್ ಅಷ್ಟೇ. ಬೆಳಕು ಅದರಿಂದ ಜಾರಿ ಹೊರಗೆ ಬೀಳುತ್ತಿತ್ತು.

ಅವತ್ತಿನಿಂದ ಜೋಡಿ, ಎಡ ಬಿಡಿ, ಬಲ ಬಿಡಿ, ಈ ಮೂರು ಗೆರೆಗಳನ್ನು ಒಂದೇ ಪರದೆಯಲ್ಲಿ ಇಟ್ಟುಕೊಳ್ಳದೆ ಸ್ಕ್ಯಾನ್ ಮಾಡುವುದಿಲ್ಲ. ನೀವೂ ಹಾಗೇ ಮಾಡಿ.

ಆಳ ಸಾಲದು

ಗುಳಿ ನಿಜವಾದದ್ದು, ಆದರೆ 50 ಶೇಕಡದ ಕೆಳಗೇ ನಿಂತಿದೆ. ಸಾಧಾರಣ ಲೇಸರ್ ಬೆಳಕಿನಿಂದಲೂ 50 ಶೇಕಡದವರೆಗೆ ಗುಳಿ ಬರಿಸಬಹುದು. ಕ್ವಾಂಟಮ್ ಅಂತ ಹೇಳಿಕೊಳ್ಳಲು ಅದನ್ನು ದಾಟಲೇಬೇಕು. ಆಕಸ್ಮಿಕಗಳ ಲೆಕ್ಕ ಮುಗಿದಿದ್ದರೆ ಉಳಿದ ಪ್ರಶ್ನೆ, ಎರಡು ಫೋಟಾನ್ ಯಾವ ವಿಷಯದಲ್ಲಿ ಬೇರೆ ಇವೆ?

ಮೊದಲ ಅನುಮಾನ ಪೋಲರೈಸೇಶನ್ ಮೇಲೆ. ಸಾದಾ ಫೈಬರ್ ಬಾಗಿದ ಕಡೆಯೆಲ್ಲ ಅದನ್ನು ತಿರುಗಿಸುತ್ತದೆ. ಎರಡು ಫೋಟಾನ್‌ಗಳ ನಡುವೆ 20 ಡಿಗ್ರಿ ವ್ಯತ್ಯಾಸ ಬಂದರೆ ಆಳ 88 ಶೇಕಡಕ್ಕೆ, 45 ಡಿಗ್ರಿ ಬಂದರೆ 50ಕ್ಕೆ ಇಳಿಯುತ್ತದೆ. 90 ಆದರೆ ಗುಳಿಯೇ ಮಾಯ. ಟೈಪ್ ಎರಡು ಹರಳಿನಲ್ಲಿ ಜೋಡಿ ಹುಟ್ಟುವುದೇ 90 ಡಿಗ್ರಿ ವ್ಯತ್ಯಾಸದಲ್ಲಿ. ಒಂದು ದಾರಿಯಲ್ಲಿ ಹಾಫ್ ವೇವ್ ಪ್ಲೇಟನ್ನು 45 ಡಿಗ್ರಿಗೆ ಇಡುವುದನ್ನು ಮರೆತರೆ ಚಪ್ಪಟೆ ಗೆರೆ ಗ್ಯಾರಂಟಿ. ಸರಿಪಡಿಸುವುದು ಸುಲಭ. ಸ್ಟೇಜನ್ನು ಗುಳಿಯ ತಳದಲ್ಲಿ ನಿಲ್ಲಿಸಿ. ಒಂದು ಫೈಬರ್‌ನ ಪೋಲರೈಸೇಶನ್ ಪ್ಯಾಡಲ್‌ಗಳನ್ನು (ಫೈಬರ್ ಸುತ್ತಿದ ತಿರುಗುವ ಬಿಲ್ಲೆಗಳನ್ನು) ಒಂದೊಂದಾಗಿ ಮೆಲ್ಲಗೆ ತಿರುಗಿಸುತ್ತಾ ಜೋಡಿ ಎಣಿಕೆ ಅತಿ ಕಡಿಮೆಯಾಗುವ ಕಡೆ ಬಿಡಿ. ಆಮೇಲೆ ಫೈಬರನ್ನು ಮೇಜಿಗೆ ಟೇಪ್ ಹಾಕಿ ಅಂಟಿಸಿ, ಮತ್ತೆ ಮುಟ್ಟಬೇಡಿ.

ಎರಡನೆಯದು ಸ್ಪ್ಲಿಟರ್. 50:50 ಅಂತ ಬರೆದಿದ್ದರೆ ಸಾಲದು, ಯಾವ ತರಂಗಾಂತರಕ್ಕೆ ಅಂತ ನೋಡಿ. 808 ನ್ಯಾನೋಮೀಟರ್‌ನ ಅಲೈನ್‌ಮೆಂಟ್ ಲೇಸರ್ ಹಾಯಿಸಿ ಪವರ್ ಮೀಟರ್‌ನಲ್ಲಿ ಅಳೆಯಿರಿ. 60:40 ಇದ್ದರೆ ಹೆದರಬೇಕಿಲ್ಲ, ಆಳ 92 ಶೇಕಡ ಬರುತ್ತದೆ. 70:30 ಆದರೆ 72ಕ್ಕೆ ಇಳಿಯುತ್ತದೆ.

ಮೂರನೆಯದು ಬಣ್ಣ, ಮತ್ತು ಇದು ಮೋಸಗಾರ. ಫಿಲ್ಟರನ್ನು ಸ್ವಲ್ಪ ವಾಲಿಸಿದರೆ ಅದು ಬಿಡುವ ಬೆಳಕು ಚಿಕ್ಕ ತರಂಗಾಂತರದ ಕಡೆ ಸರಿಯುತ್ತದೆ. ಸಾಮಾನ್ಯ ಫಿಲ್ಟರ್ 10 ಡಿಗ್ರಿ ವಾಲಿದರೆ 810ರ ಹತ್ತಿರ ಸುಮಾರು 3 ನ್ಯಾನೋಮೀಟರ್ ಸರಿಯುತ್ತದೆ. ನಿಮ್ಮ ಫಿಲ್ಟರ್‌ನ ಅಗಲವೇ 3 ಇದ್ದರೆ ಎರಡು ದಾರಿಗಳಲ್ಲಿ ಬೇರೆಬೇರೆ ಬಣ್ಣ ಹೋಗುತ್ತಿದೆ ಅಂತಾಯಿತು. ಇದಕ್ಕೊಂದು ಗುರುತು ಉಂಟು. ಗುಳಿಯ ಎರಡೂ ಪಕ್ಕ ಎಣಿಕೆ ಬಯಲಿನ ಮಟ್ಟಕ್ಕಿಂತ ಮೇಲೆದ್ದು ಅಲೆಅಲೆಯಾಗಿ ಕಾಣುತ್ತದೆ. ಅಂಚು ಕಡಿದಾಗಿರುವ ಫಿಲ್ಟರ್‌ನಲ್ಲಿ ಚಿಕ್ಕ ಭುಜ ಏಳುವುದು ಸಹಜ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಒಂದರ ಪಕ್ಕ ಒಂದು ಅಲೆಗಳೆದ್ದರೆ ಮಾತ್ರ ಫಿಲ್ಟರ್‌ಗಳನ್ನು ನೇರ ನಿಲ್ಲಿಸಿ, ಹರಳಿನ ಕೋನ ಅಥವಾ ತಾಪ ಸರಿಮಾಡಿ ಎರಡೂ 810ಕ್ಕೆ ಬರುವ ಹಾಗೆ ಮಾಡಿ.

ಫೈಬರ್ ಇಲ್ಲದ ಕ್ಯೂಬ್ ಸ್ಪ್ಲಿಟರ್ ಬಳಸುವವರಿಗೆ ನಾಲ್ಕನೆಯ ಕಷ್ಟ ಒಂದಿದೆ. ಎರಡು ಕಿರಣ ಒಂದರ ಮೇಲೊಂದು ಕೂರಬೇಕು, ಕೋನವೂ ಒಂದೇ ಇರಬೇಕು. 1 ಮಿಲಿರೇಡಿಯನ್ ತಪ್ಪಿದರೆ 0.8 ಮಿಲಿಮೀಟರ್‌ಗೊಂದು ಪಟ್ಟೆ ಏಳುತ್ತದೆ. 2 ಮಿಲಿಮೀಟರ್ ಕಿರಣದಲ್ಲಿ ಎರಡು ಮೂರು ಪಟ್ಟೆ ಸೇರಿ ಸರಾಸರಿಯಲ್ಲಿ ಗುಳಿ ತೊಳೆದುಹೋಗುತ್ತದೆ. ಹೊಸಬರಿಗೆ ನನ್ನ ಸಲಹೆ ಫೈಬರ್ ಸ್ಪ್ಲಿಟರ್. ಈ ತಲೆನೋವು ಪೂರ್ತಿ ಇಲ್ಲವಾಗುತ್ತದೆ.

ಬೆಳಿಗ್ಗೆ ಇತ್ತು, ಮಧ್ಯಾಹ್ನ ಇಲ್ಲ

ಹೊರಗೆ ಬಸ್ಸು ಹೋಗಿ ಮೇಜು ನಡುಗಿತು ಅಂತ ಈ ಗುಳಿ ಕೆಡುವುದಿಲ್ಲ. ಸಾಧಾರಣ ಇಂಟರ್‌ಫೆರೋಮೀಟರ್‌ಗೆ ತರಂಗಾಂತರದ ಒಂದು ಪಾಲು ಅಲುಗಾಡಿದರೂ ಸಾಕು, ಇದಕ್ಕೆ ಹತ್ತಾರು ಮೈಕ್ರೋಮೀಟರ್ ಬೇಕು. ಆದರೆ ಬಿಸಿಗೆ ಫೈಬರ್ ಅಷ್ಟು ಸರಿಯಬಲ್ಲದು. 1 ಮೀಟರ್ ಫೈಬರ್ 1 ಡಿಗ್ರಿ ಬಿಸಿಯಾದರೆ ಬೆಳಕಿನ ದಾರಿ ಸುಮಾರು 10 ಮೈಕ್ರೋಮೀಟರ್ ಉದ್ದವಾಗುತ್ತದೆ. ಎರಡೂ ಒಟ್ಟಿಗೆ ಬಿಸಿಯಾದರೆ ಚಿಂತೆಯಿಲ್ಲ. ನಮ್ಮಲ್ಲಿ ಒಂದು ದಾರಿಯ 2 ಮೀಟರ್ ಫೈಬರ್ ಸುರುಳಿ ಲೇಸರ್ ಕಂಟ್ರೋಲರ್ ಡಬ್ಬಿಯ ಮೇಲೆ ಕೂತಿತ್ತು. ಡಬ್ಬಿ ಕೆಲಸ ಶುರುಮಾಡಿ ಎರಡು ಗಂಟೆಯಾದ ಮೇಲೆ ಕೈಯಿಟ್ಟರೆ ಬೆಚ್ಚಗಿರುತ್ತಿತ್ತು. 3 ಡಿಗ್ರಿ ಏರಿದರೂ ಗುಳಿ 60 ಮೈಕ್ರೋಮೀಟರ್ ಸರಿಯಿತು ಅಂತಲೇ ಲೆಕ್ಕ, ಅದರ ಅಗಲವೇ 40 ಇರುವಾಗ. ಬೆಳಿಗ್ಗೆ ತಳದಲ್ಲಿ ನಿಲ್ಲಿಸಿದ ಸ್ಟೇಜ್ ಮಧ್ಯಾಹ್ನದ ಹೊತ್ತಿಗೆ ಬಯಲಿನಲ್ಲಿ ನಿಂತಿರುತ್ತಿತ್ತು. ನಾವೋ, ಪ್ಯಾಡಲ್ ತಿರುಗಿಸುತ್ತಾ ಕೂತಿದ್ದೆವು. ಎರಡು ಸುರುಳಿಗಳನ್ನೂ ಒಂದೇ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಪಕ್ಕಪಕ್ಕ ಇಟ್ಟು ಮುಚ್ಚಿದೆವು. ಮರುದಿನ ಬೆಳಿಗ್ಗೆ ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ ಮೂರು ಸ್ಕ್ಯಾನ್ ತೆಗೆದೆವು. ಮೂರೂ ಗುಳಿ ಒಂದರ ಮೇಲೊಂದು ಕೂತವು.